ಜಾವಾ ಜೆನೆರಿಕ್ಸ್‌ನಲ್ಲಿ '?' ಏಕೆ? ವೈಲ್ಡ್‌ಕಾರ್ಡ್ ಬಗ್ಗೆ ತಿಳಿಯಬೇಕಾದ ಸಂಗತಿಗಳು

ಜಾವಾ ಕಲಿಯುವವರು ಗೊಂದಲಕ್ಕೆ ಬೀಳುವ ಜಾಗಗಳಲ್ಲಿ ಜೆನೆರಿಕ್ಸ್‌ನ '?' ಚಿಹ್ನೆಯೂ ಒಂದು. ಇದನ್ನು ವೈಲ್ಡ್‌ಕಾರ್ಡ್ ಎನ್ನುತ್ತಾರೆ. ಒಂದು ಲಿಸ್ಟ್‌ನಲ್ಲಿ ಯಾವ ಬಗೆಯ ಮಾಹಿತಿ ಇರಬೇಕು ಎಂದು ಮೊದಲೇ ಹೇಳುವ ವ್ಯವಸ್ಥೆಯೇ ಜೆನೆರಿಕ್ಸ್. 2004ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಜಾವಾ 5 ಆವೃತ್ತಿಯಲ್ಲಿ ಇವೆರಡೂ ಒಟ್ಟಿಗೆ ಬಂದವು.

ಸಮಸ್ಯೆ ಏನು?

ಇಂಟೀಜರ್ ಎಂಬುದು ನಂಬರ್‌ನ ಉಪವರ್ಗ. ನಂಬರ್ ಕೇಳಿದ ಕಡೆ ಇಂಟೀಜರ್ ಕೊಡಬಹುದು. ಆದರೆ ನಂಬರ್ ಲಿಸ್ಟ್ ಕೇಳಿದ ಕಡೆ ಇಂಟೀಜರ್ ಲಿಸ್ಟ್ ಕೊಟ್ಟರೆ ಕಂಪೈಲರ್ ಒಪ್ಪುವುದಿಲ್ಲ.

ಕಾರಣ ಅಡುಗೆಮನೆಯಲ್ಲೇ ಇದೆ. ತೊಗರಿಬೇಳೆಯೂ ಬೇಳೆಯೇ. ಹಾಗೆಂದು ಅದರ ಡಬ್ಬಿಗೆ 'ಬೇಳೆ' ಎಂದಷ್ಟೇ ಚೀಟಿ ಅಂಟಿಸಿದರೆ ಯಾರಾದರೂ ಕಡಲೆಬೇಳೆ ಸುರಿದಾರು. ತಪ್ಪು ಗೊತ್ತಾಗುವುದು ಸಾರು ಒಲೆಯ ಮೇಲಿದ್ದಾಗ. ಜಾವಾದ ಅರೇಗಳಲ್ಲಿ ಆಗುವುದೂ ಇದೇ. ಇಂಟೀಜರ್ ಅರೇಯನ್ನು ನಂಬರ್ ಅರೇ ಎಂದು ಬಳಸಿ ಅದಕ್ಕೆ ಡಬಲ್ ಹಾಕಿದರೆ ಕಂಪೈಲರ್ ಸುಮ್ಮನಿರುತ್ತದೆ. ಪ್ರೋಗ್ರಾಂ ಓಡುವಾಗ 'ಅರೇ ಸ್ಟೋರ್ ಎಕ್ಸೆಪ್ಶನ್' ಎದುರಾಗುತ್ತದೆ. ಜೆನೆರಿಕ್ಸ್ ಈ ತಪ್ಪನ್ನು ಕಂಪೈಲ್ ಹಂತದಲ್ಲೇ ಹಿಡಿಯುತ್ತದೆ.

ಆದರೆ ಇದೇ ಬಿಗಿಯಿಂದಾಗಿ, ನಂಬರ್ ಲಿಸ್ಟ್‌ನ ಮೊತ್ತ ಕೂಡುವ ಮೆಥಡ್‌ಗೆ ಇಂಟೀಜರ್ ಲಿಸ್ಟ್ ಕೊಡಲಾಗದು. ಇಲ್ಲಿ ನೆರವಿಗೆ ಬರುವುದೇ ವೈಲ್ಡ್‌ಕಾರ್ಡ್.

ಮೂರು ವಿಧಗಳು

* '? ಎಕ್ಸ್‌ಟೆಂಡ್ಸ್ ನಂಬರ್': ನಂಬರ್ ಅಥವಾ ಅದರ ಯಾವುದೇ ಉಪವರ್ಗದ ಲಿಸ್ಟ್ ಸಲ್ಲುತ್ತದೆ. ಅದರಿಂದ ಸಂಖ್ಯೆಗಳನ್ನು ಓದಬಹುದು. ನಿಜಕ್ಕೂ ಯಾವ ಲಿಸ್ಟ್ ಬಂದಿದೆ ಎಂಬುದು ಕಂಪೈಲರ್‌ಗೆ ತಿಳಿಯದ ಕಾರಣ, ನಲ್ ಬಿಟ್ಟು ಬೇರೇನನ್ನೂ ಸೇರಿಸುವಂತಿಲ್ಲ.
* '? ಸೂಪರ್ ಇಂಟೀಜರ್': ಇಂಟೀಜರ್, ನಂಬರ್, ಆಬ್ಜೆಕ್ಟ್ ಲಿಸ್ಟ್‌ಗಳೆಲ್ಲ ಸಲ್ಲುತ್ತವೆ. ಇಂಟೀಜರ್ ಸೇರಿಸಬಹುದು. ಆದರೆ ಓದಿದ್ದು ಆಬ್ಜೆಕ್ಟ್ ಆಗಿ ಮಾತ್ರ ಸಿಗುತ್ತದೆ.
* ಬರೀ '?': ಯಾವ ಬಗೆಯ ಲಿಸ್ಟ್ ಆದರೂ ಸರಿ. ಉದ್ದ ಎಷ್ಟು, ಖಾಲಿಯೇ ಎಂದು ನೋಡುವಂಥ ಕೆಲಸಕ್ಕೆ ಸಾಕು.

ನೆನಪಿಡುವುದು ಹೇಗೆ?

ಜೋಶುವಾ ಬ್ಲಾಕ್ ಅವರ 'ಎಫೆಕ್ಟಿವ್ ಜಾವಾ' ಪುಸ್ತಕ ಇದಕ್ಕೆ 'ಪೆಕ್ಸ್' ಎಂಬ ಸೂತ್ರ ಕೊಟ್ಟಿದೆ. ಮೌಲ್ಯ ಕೊಡುವ ಲಿಸ್ಟ್‌ಗೆ ಎಕ್ಸ್‌ಟೆಂಡ್ಸ್, ಪಡೆಯುವ ಲಿಸ್ಟ್‌ಗೆ ಸೂಪರ್. ಜಾವಾದ್ದೇ 'ಕಲೆಕ್ಷನ್ಸ್' ಕ್ಲಾಸ್‌ನ 'ಕಾಪಿ' ಮೆಥಡ್‌ನಲ್ಲಿ ಎರಡನ್ನೂ ಒಟ್ಟಿಗೆ ಕಾಣಬಹುದು: ಮೂಲ ಲಿಸ್ಟ್‌ಗೆ ಎಕ್ಸ್‌ಟೆಂಡ್ಸ್, ನಕಲು ಸೇರುವ ಲಿಸ್ಟ್‌ಗೆ ಸೂಪರ್.

ಒಂದೇ ಲಿಸ್ಟ್‌ನಿಂದ ಓದುವುದೂ ಅದಕ್ಕೆ ಸೇರಿಸುವುದೂ ಬೇಕಿದ್ದರೆ ವೈಲ್ಡ್‌ಕಾರ್ಡ್ ಬಿಟ್ಟು ನಿರ್ದಿಷ್ಟ ಟೈಪ್ ಹೆಸರನ್ನೇ ಬರೆಯಬೇಕು. ಮೆಥಡ್ ಹಿಂದಿರುಗಿಸುವ ಟೈಪ್‌ನಲ್ಲೂ ಇದನ್ನು ಬಳಸದಿರುವುದು ಒಳಿತು. ಇಲ್ಲದಿದ್ದರೆ ಆ ಮೆಥಡ್ ಬಳಸುವವರೂ '?' ಜೊತೆ ಹೆಣಗಬೇಕಾಗುತ್ತದೆ.