ಬಲ್ಲವರ ಹೊಣೆ: ಮಲಪ್ರಭೆ ಕಲಿಸಿದ ಪಾಠ

ಸವದತ್ತಿಯ ರಟ್ಟರ ಇತಿಹಾಸದಲ್ಲಿ ಮುನಿಚಂದ್ರದೇವರ ಹೆಸರು ಚಿರಸ್ಥಾಯಿಯಾದುದು. ನಾಲ್ಕನೆಯ ಕಾರ್ತವೀರ್ಯನಿಗೂ ಅವನ ಮಗ ಇಮ್ಮಡಿ ಲಕ್ಷ್ಮೀದೇವನಿಗೂ ಅವರು ರಾಜಗುರುಗಳು. ಕ್ರಿ.ಶ. 1228ರ ಸವದತ್ತಿಯ ಶಾಸನವು ಅವರನ್ನು ಶಾಸ್ತ್ರದಲ್ಲಷ್ಟೇ ಅಲ್ಲದೆ ರಾಜ್ಯಭಾರದಲ್ಲಿಯೂ ನಿಪುಣರೆಂದು ಕೊಂಡಾಡುತ್ತದೆ. ಅದಕ್ಕೂ ಸುಮಾರು ನಾಲ್ಕು ಶತಮಾನ ಮೊದಲು, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದ್ದರು. ವಿದ್ಯೆಗೂ ರಾಜ್ಯಕ್ಕೂ ಇರುವ ನಂಟು ಈ ನಾಡಿಗೆ ಹೊಸತಲ್ಲ.

ಆ ನಂಟು ಸಡಿಲವಾದರೆ ಏನಾಗುವುದೆಂಬುದಕ್ಕೆ ಅದೇ ಸವದತ್ತಿ ತಾಲ್ಲೂಕಿನ ನವಿಲುತೀರ್ಥವೇ ಸಾಕ್ಷಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಗೆ ಇಲ್ಲಿ ಅಣೆಕಟ್ಟು ಕಟ್ಟಿ, 37.73 ಟಿ.ಎಂ.ಸಿ. ನೀರು ನಿಲ್ಲುವ ಜಲಾಶಯವನ್ನು 1970ರ ದಶಕದಲ್ಲಿ ನಿರ್ಮಿಸಲಾಯಿತು. ಕಟ್ಟಡದ ಮಟ್ಟಿಗೆ ಇಂಜಿನಿಯರರ ಲೆಕ್ಕ ತಪ್ಪಲಿಲ್ಲ. ಆದರೆ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟುವ ಮೊದಲೇ ರೈತನ ಮೇಲೆ ಅಭಿವೃದ್ಧಿ ಕರದ ಹೊರೆ ಬಿದ್ದಿತು. ಎರಿ ಭೂಮಿ ಒಣಗಿದರೆ ಬಿರಿಯುತ್ತದೆ, ಹೆಚ್ಚು ನೀರು ಕುಡಿದರೆ ಜವುಳಾಗುತ್ತದೆ. ಹತ್ತಿಯ ಧಾರಣೆ ಇಳಿದರೂ ಕರ ಇಳಿಯುವುದಿಲ್ಲ. ಈ ಸಂಗತಿಗಳನ್ನು ಬಲ್ಲವರಿದ್ದರು. ಕರ ಗೊತ್ತುಮಾಡುವ ಕಡೆ ಅವರ ಮಾತು ನಡೆಯಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಆಕ್ರೋಶ ಸಿಡಿದು, ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ಜಮೆಯ ಪುಟವನ್ನು ಒಬ್ಬನು, ಖರ್ಚಿನ ಪುಟವನ್ನು ಮತ್ತೊಬ್ಬನು ಬರೆದು, ಎರಡನ್ನೂ ಯಾರೂ ತಾಳೆ ನೋಡದಿದ್ದರೆ ಅಂಗಡಿ ಮುಳುಗುತ್ತದೆ. ಅಲ್ಲಿ ಮುಳುಗಿದ್ದು ಮನೆಗಳು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ನಮ್ಮಲ್ಲಿದೆ. ಬೆಳಗಾವಿಯು ಯಾವ ಮುಂಬಯಿ ಪ್ರಾಂತದಲ್ಲಿತ್ತೋ ಅದೇ ಪ್ರಾಂತದ ಇಂಜಿನಿಯರರಾಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ನೀರಾ ಕಾಲುವೆಯಲ್ಲಿ ‘ಬ್ಲಾಕ್’ ಪದ್ಧತಿಯನ್ನು ತಂದು, ಕೆಲವರ ಪಾಲಾಗುತ್ತಿದ್ದ ನೀರು ಹಲವು ಹಳ್ಳಿಗಳಿಗೆ ಹಂಚಿಹೋಗುವಂತೆ ಮಾಡಿದರು. ರೈತರು ಮೊದಲು ವಿರೋಧಿಸಿದಾಗ ಅವರೊಡನೆ ಕುಳಿತು ತಿಳಿಹೇಳಿದರು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿ ಕನ್ನಂಬಾಡಿಯ ಕೆಲಸವನ್ನು ಮುನ್ನಡೆಸಿದ್ದಲ್ಲದೆ, 1913ರಲ್ಲಿ ಮೈಸೂರು ಬ್ಯಾಂಕಿಗೂ 1916ರಲ್ಲಿ ವಿಶ್ವವಿದ್ಯಾಲಯಕ್ಕೂ ತಳಹದಿ ಹಾಕಿದರು. ಅಣೆಕಟ್ಟು, ಹಣ, ವಿದ್ಯೆ ಮೂರೂ ಒಂದೇ ಲೆಕ್ಕದ ಅಂಗಗಳೆಂದು ಅವರು ಅರಿತಿದ್ದರು.

ಚುನಾವಣೆಗೆ ನಿಂತ ವಿಜ್ಞಾನಿಯೂ ಇದ್ದರು. ಭೌತಶಾಸ್ತ್ರಜ್ಞ ಮೇಘನಾದ ಸಾಹಾ 1952ರಲ್ಲಿ ಕಲಕತ್ತೆಯಿಂದ ಪಕ್ಷೇತರರಾಗಿ ಮೊದಲ ಲೋಕಸಭೆಗೆ ಆರಿಸಿಬಂದರು. ನೆರೆಹಾವಳಿಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಅವರ ವಿಚಾರಗಳು ದಾಮೋದರ ಕಣಿವೆ ಯೋಜನೆಗೆ ಒತ್ತಾಸೆಯಾಗಿದ್ದವು. ಅವರ ಶಿಷ್ಯರಾದ ಉದಯಪುರದ ದೌಲತ್ ಸಿಂಗ್ ಕೊಠಾರಿಯವರು ಜೈನ ಮನೆತನದವರು. 1948ರಿಂದ ರಕ್ಷಣಾ ಇಲಾಖೆಗೆ ವೈಜ್ಞಾನಿಕ ಸಲಹೆಗಾರರಾಗಿದ್ದರೂ ಶಸ್ತ್ರದ ಫಲವನ್ನು ಮರೆಮಾಚಲಿಲ್ಲ. ಅಣುಸ್ಫೋಟದ ಘೋರ ಪರಿಣಾಮಗಳನ್ನು ತಿಳಿಸುವ ಗ್ರಂಥವನ್ನು 1956ರಲ್ಲಿ ಹೊರತಂದರು. 1964-66ರ ಶಿಕ್ಷಣ ಆಯೋಗ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಅಧಿಕಾರದ ಹತ್ತಿರವಿದ್ದೂ ಅಹಿಂಸೆಯ ಅರಿವನ್ನು ಉಳಿಸಿಕೊಳ್ಳಬಹುದೆಂಬುದಕ್ಕೆ ಅವರ ಬಾಳು ನಿದರ್ಶನ.

ವಿಜ್ಞಾನಿಯೇ ಆಳಬೇಕೆಂಬುದು ಇದರ ತಾತ್ಪರ್ಯವಲ್ಲ. ಇಂಜಿನಿಯರನು ಕಾಣುವುದು ನೀರಿನ ಮಟ್ಟ, ರೈತನು ಕಾಣುವುದು ಬೆಳೆಯ ಬಾಡು, ಮಂತ್ರಿಯು ಕಾಣುವುದು ಬೊಕ್ಕಸ. ಒಂದೊಂದೂ ಸತ್ಯ, ಒಂದೊಂದೂ ಅಪೂರ್ಣ. ಇದನ್ನು ಅನೇಕಾಂತವು ಎಂದೋ ಹೇಳಿದೆ. ಮೂವರೂ ಒಂದೆಡೆ ಕೂಡಿದಾಗಲೇ ನೀತಿ ನೆಟ್ಟಗಾಗುತ್ತದೆ.

2019ರ ಆಗಸ್ಟ್‌ನಲ್ಲಿ ಜಲಾಶಯ ತುಂಬಿ ನೀರು ಹೊರಬಿಟ್ಟಾಗ ರಾಮದುರ್ಗ ತಾಲ್ಲೂಕಿನ ನದಿದಡದ ಊರುಗಳು ಜಲಾವೃತವಾದವು. ಬಾಗಿಲು ಎಷ್ಟು ತೆರೆಯಬೇಕೆಂಬುದು ಗಣಿತ. ದಡದಲ್ಲಿ ಎಲ್ಲಿ ಮನೆ ಕಟ್ಟಬೇಕು, ಯಾರನ್ನು ಯಾವಾಗ ಎಚ್ಚರಿಸಬೇಕೆಂಬುದು ರಾಜನೀತಿ. ಬೈಲಹೊಂಗಲ, ಕಿತ್ತೂರು, ಸವದತ್ತಿಗಳ ಎಷ್ಟೋ ಮನೆಗಳಲ್ಲಿ ಇಂದು ಇಂಜಿನಿಯರರಿದ್ದಾರೆ. ಮಗನಿಗೆ, ಮಗಳಿಗೆ ದೂರದ ನೌಕರಿ ದೊರೆತರೆ ಹಿಗ್ಗುವ ಹಿರಿಯರು, ಅವರು ಪಂಚಾಯತಿಗೆ ನಿಲ್ಲುವೆನೆಂದರೆ ತಡೆಯುತ್ತಾರೆ. ಬಸದಿಯ ಜೀರ್ಣೋದ್ಧಾರಕ್ಕೆ ಇಂಜಿನಿಯರನನ್ನು ಕರೆಯುವ ಟ್ರಸ್ಟುಗಳು ಊರಿನ ಕೆರೆಯ ಚರ್ಚೆಗೂ ಅವರನ್ನು ಕರೆಯಲಿ. ಶಾಸ್ತ್ರದಾನವು ಶ್ರಾವಕರ ಧರ್ಮವೆಂದ ಮೇಲೆ, ತನ್ನ ಶಾಸ್ತ್ರವನ್ನು ನಾಡಿನ ನಿರ್ಣಯಕ್ಕೆ ಕೊಡುವುದೂ ದಾನವೇ ಸರಿ.