ಉಪ್ಪಿಗೆ ಹಾಕಿದ ಮುಳ್ಳಿನ ಬೇಲಿ

ಹೊಲಕ್ಕೆ ಬೇಲಿ ಹಾಕುವ ರೈತ ಮೊದಲು ನೋಡುವುದು ನೆಲವನ್ನು. ಯಾವ ಮಣ್ಣಿಗೆ ಯಾವ ಮುಳ್ಳು ಒಗ್ಗುತ್ತದೆ, ಮಳೆ ಕೈಕೊಟ್ಟರೂ ಬದುಕುವ ಗಿಡ ಯಾವುದು, ದನ ಬಾಯಿ ಹಾಕದ್ದು ಯಾವುದು ಎಂಬುದು ಅವನಿಗೆ ಗೊತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಇದೇ ಲೆಕ್ಕಾಚಾರವನ್ನು ಬ್ರಿಟಿಷ್ ಸರ್ಕಾರವೂ ಮಾಡಿತು. ಆದರೆ ಅದು ಬೆಳೆಸಿದ ಬೇಲಿ ಕಾಯುತ್ತಿದ್ದುದು ಪೈರನ್ನಲ್ಲ, ಉಪ್ಪಿನ ಸುಂಕವನ್ನು.

ಬಂಗಾಳ ಪ್ರಾಂತ್ಯದಲ್ಲಿ ಉಪ್ಪಿನ ತೆರಿಗೆ ವಿಪರೀತವಾಗಿತ್ತು. ಪಶ್ಚಿಮದ ರಜಪೂತ ಸಂಸ್ಥಾನಗಳ ಉಪ್ಪು ಅಗ್ಗ. ಅದು ಸುಂಕ ತೆರದೆ ಒಳಗೆ ನುಸುಳದಂತೆ ತಡೆಯಲು ಹುಟ್ಟಿಕೊಂಡದ್ದೇ ಸುಂಕದ ಗಡಿರೇಖೆ. 1869ರ ವೇಳೆಗೆ ಅದು ಸಿಂಧೂ ನದಿಯಿಂದ ಮಹಾನದಿಯವರೆಗೆ ಸುಮಾರು 2,300 ಮೈಲಿ ಹಬ್ಬಿತ್ತು. ಕಾವಲಿಗೆ ಹತ್ತಿರ ಹತ್ತಿರ 12,000 ಮಂದಿ ಇದ್ದರು.

ಮೊದಲು ಹಾಕಿದ್ದು ಒಣ ಮುಳ್ಳಿನ ಬೇಲಿ. ಒಂದು ಮೈಲಿಗೆ 250 ಟನ್ ಮುಳ್ಳುಕಂಟಿ ಬೇಕಾಗುತ್ತಿತ್ತು. ಗೆದ್ದಲು, ಬೆಂಕಿ, ಬಿರುಗಾಳಿಗೆ ಸಿಕ್ಕಿ ವರ್ಷಕ್ಕೆ ಅರ್ಧದಷ್ಟು ಹಾಳಾಗುತ್ತಿತ್ತು. 1867ರಲ್ಲಿ ಸುಂಕದ ಕಮಿಷನರ್ ಆದ ಎ. ಓ. ಹ್ಯೂಮ್ ಜೀವಂತ ಬೇಲಿಯೇ ಲೇಸೆಂದು ಕಂಡುಕೊಂಡರು. ಯಾವ ಮಣ್ಣು, ಎಷ್ಟು ಮಳೆಗೆ ಯಾವ ಗಿಡ ಎಂದು ಪ್ರಯೋಗ ನಡೆಸಿದರು. ಆಯ್ಕೆಯಾದವು ಎಲಚಿ, ಜಾಲಿ, ಕವಳೆ, ಕಳ್ಳಿ. ಬೇರೇನೂ ಬೆಳೆಯದ ಕಡೆ ಪಾಪಾಸುಕಳ್ಳಿ, ಕೆಲವೆಡೆ ಬಿದಿರು. ಎಲ್ಲವೂ ನಮ್ಮ ಹಳ್ಳಿಗಳ ಬೇಲಿಸಾಲಿನಲ್ಲಿ ಕಾಣುವ ಗಿಡಗಳೇ.

ಬರಡು ನೆಲ ಸಿಕ್ಕಲ್ಲಿ ಮಣ್ಣನ್ನು ಅಗೆದು ತೆಗೆದು ಒಳ್ಳೆಯ ಮಣ್ಣು ತುಂಬಿದರು. ನೆರೆ ಬರುವ ಕಡೆ ಏರಿ ಹಾಕಿ ಅದರ ಮೇಲೆ ನೆಟ್ಟರು. ಕಾಲುವೆ ತೋಡಿ ಮಳೆನೀರು ಹಿಡಿದರು, ಹತ್ತಿರದ ಬಾವಿಗಳಿಂದ ನೀರು ಹೊಯ್ದರು. ಹ್ಯೂಮ್ ಹುದ್ದೆ ಬಿಡುವ ಹೊತ್ತಿಗೆ ಸುಮಾರು 449 ಮೈಲಿ ಬೇಲಿ ಪರಿಪೂರ್ಣವಾಗಿತ್ತು. ಎತ್ತರ ಕನಿಷ್ಠ 8 ಅಡಿ, ದಪ್ಪ 4 ಅಡಿ. ಕೆಲವೆಡೆ 12 ಅಡಿ ಎತ್ತರ, 14 ಅಡಿ ದಪ್ಪ. ಮನುಷ್ಯರಿರಲಿ, ಪ್ರಾಣಿಗಳೂ ದಾಟುವಂತಿರಲಿಲ್ಲ. ಇದೇ ಹ್ಯೂಮ್ 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಮುಂದಾದವರೆಂಬುದು ಇತಿಹಾಸದ ವಿಚಿತ್ರ.

ಕೊನೆಗೆ ಬೇಲಿಯನ್ನು ಬೇಡವಾಗಿಸಿದ್ದು ಕರುಣೆಯಲ್ಲ, ಲೆಕ್ಕ. ಸರ್ಕಾರ ಸಾಂಭರ್ ಸರೋವರವನ್ನು ಜೈಪುರ, ಜೋಧಪುರ ಸಂಸ್ಥಾನಗಳಿಂದ ಗುತ್ತಿಗೆಗೆ ಪಡೆದು, ಉಪ್ಪು ತಯಾರಾಗುವಲ್ಲೇ ತೆರಿಗೆ ವಸೂಲಿ ಮಾಡತೊಡಗಿತು. ಪ್ರಾಂತ್ಯಗಳ ದರಗಳ ಅಂತರವನ್ನೂ ತಗ್ಗಿಸಿತು. 1879ರ ಏಪ್ರಿಲ್‌ನಲ್ಲಿ ಬೇಲಿಯ ಕಾವಲು ನಿಂತಿತು.

ಬೇಲಿ ಹೋಯಿತು, ತೆರಿಗೆ ಉಳಿಯಿತು. ಮೈಮುರಿದು ದುಡಿಯುವ ಕೂಲಿಯವನ ಗಂಜಿಗೂ ಉಪ್ಪು ಬೇಕು, ಅವನ ಎತ್ತಿಗೂ ಬೇಕು. 1930ರಲ್ಲಿ ದಂಡಿಯಲ್ಲಿ ಗಾಂಧೀಜಿ, ಅದರ ಬೆನ್ನಲ್ಲೇ ನಮ್ಮ ಅಂಕೋಲೆಯಲ್ಲಿ ಸತ್ಯಾಗ್ರಹಿಗಳು ಮುರಿದದ್ದು ಈ ತೆರಿಗೆಯ ಕಾನೂನನ್ನೇ. ಅದು ರದ್ದಾದದ್ದು 1947ರಲ್ಲಿ.

ಬೇಲಿಯನ್ನು ಜನ ಮರೆತೇಬಿಟ್ಟಿದ್ದರು. ಬ್ರಿಟನ್ನಿನ ಲೇಖಕ ರಾಯ್ ಮಾಕ್ಸಮ್ ಹುಡುಕಾಡಿ, 1998ರಲ್ಲಿ ಉತ್ತರ ಪ್ರದೇಶದ ಇಟಾವಾ ಜಿಲ್ಲೆಯಲ್ಲಿ ಅದರ ಅವಶೇಷ ಕಂಡರು. ಏರಿಯ ಮೇಲೆ ಅಳಿದುಳಿದ ಮುಳ್ಳುಗಿಡಗಳು, ಅಷ್ಟೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಉದ್ದದ ಸಾಕ್ಷಿ ಬೇಕೆ?