ಫ್ಯಾಕ್ಟರಿಗೆ ಬಂದವರು ಊರಿನವರಾದದ್ದು: ಸ್ವೀಡನ್ನಿನ ಹೊಸಬರ ಕಥೆ

ವೋಲ್ವೋ ಬಸ್ಸು ನಮ್ಮ ಹಳ್ಳಿಗಳಿಗೂ ಹೊಸ ಹೆಸರಲ್ಲ. ಹೊಸಕೋಟೆ ಬಳಿ ಆ ಕಂಪನಿಯ ಕಾರ್ಖಾನೆಯೇ ಇದೆ. ಕಂಪನಿಯ ತವರು ಮಾತ್ರ ದೂರದ ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರ. 1960ರ ದಶಕದಲ್ಲಿ ಅಲ್ಲಿನ ಕಾರ್ಖಾನೆಯಲ್ಲಿ ಬೋಲ್ಟು ಬಿಗಿಯುತ್ತಿದ್ದವರಲ್ಲಿ ಬಹಳಷ್ಟು ಜನ ಸ್ವೀಡನ್ನಿನವರೇ ಅಲ್ಲ. ಫಿನ್ಲೆಂಡ್, ಯುಗೊಸ್ಲಾವಿಯ, ಗ್ರೀಸ್ ದೇಶಗಳಿಂದ ಕೂಲಿ ಹುಡುಕಿಕೊಂಡು ಬಂದವರು. ಅವರು ಅಲ್ಲಿ ದಿನ ದೂಡಿದ್ದು ಹೇಗೆ, ಕೊನೆಗೆ ಅಲ್ಲಿನವರೇ ಆದದ್ದು ಹೇಗೆ ಅನ್ನೋದನ್ನು ಈ ಸಲ ನೋಡೋಣ.

ಕರೆದದ್ದು ಯಾಕೆ?

ಎರಡನೇ ಮಹಾಯುದ್ಧದಲ್ಲಿ ಸ್ವೀಡನ್ ಯಾರ ಪರವೂ ನಿಲ್ಲಲಿಲ್ಲ. ಹಾಗಾಗಿ ಅದರ ಕಾರ್ಖಾನೆಗಳ ಮೇಲೆ ಬಾಂಬು ಬೀಳಲಿಲ್ಲ. ಯುದ್ಧ ಮುಗಿದ ಮೇಲೆ ಯುರೋಪಿಗೆಲ್ಲ ಉಕ್ಕು, ಯಂತ್ರ, ಹಡಗು ಬೇಕಾಯಿತು. ಸ್ವೀಡನ್ ಬಳಿ ಕಾರ್ಖಾನೆ ಇತ್ತು, ಆಳು ಸಾಲದು. 1947ರಲ್ಲೇ ಇಟಲಿಯಿಂದ ಕೆಲಸಗಾರರನ್ನು ಕರೆಸಿದರು. 1954ರಲ್ಲಿ ನೆರೆಯ ನಾರ್ಡಿಕ್ ದೇಶಗಳ ನಡುವೆ ಒಪ್ಪಂದವಾಗಿ, ಯಾವ ಪರವಾನಗಿಯೂ ಇಲ್ಲದೆ ಒಂದು ದೇಶದವರು ಇನ್ನೊಂದರಲ್ಲಿ ದುಡಿಯಬಹುದು ಎಂದಾಯಿತು.

ಇದರಿಂದ ಹೆಚ್ಚು ಹೊರಟವರು ಫಿನ್ಲೆಂಡಿನ ಹಳ್ಳಿಗರು. ಹೊಲ, ಕಾಡು ನಂಬಿದವರಿಗೆ ಊರಲ್ಲಿ ಕೆಲಸ ಕಡಿಮೆಯಾಗುತ್ತಿತ್ತು. ಸಂಜೆ ತುರ್ಕು ಬಂದರಿನಲ್ಲಿ ಹಡಗು ಹತ್ತಿದರೆ ಬೆಳಿಗ್ಗೆ ಸ್ಟಾಕ್‌ಹೋಮ್. 1969 ಮತ್ತು 1970, ಈ ಎರಡು ವರ್ಷಗಳಲ್ಲಿ ವರ್ಷಕ್ಕೆ ಸುಮಾರು 40,000 ಜನ ಹೀಗೆ ದಾಟಿದರು. ಆಗ ಇಡೀ ಫಿನ್ಲೆಂಡಿನ ಜನಸಂಖ್ಯೆ 46 ಲಕ್ಷದ ಆಸುಪಾಸು.

ಟರ್ಕಿಯ ಕುಲು ಪಟ್ಟಣದ ಕಥೆ ನಮ್ಮ ಊರುಗಳದ್ದೇ ಅನ್ನಿಸುತ್ತದೆ. ಕೊನ್ಯಾ ಪ್ರಾಂತ್ಯದ ಒಣ ಬಯಲಿನ ಊರದು. 1960ರ ದಶಕದಲ್ಲಿ ಕೆಲವರು ಸ್ವೀಡನ್ನಿಗೆ ಹೋದರು. ಹೋದವರು ತಮ್ಮನನ್ನು ಕರೆಸಿಕೊಂಡರು, ತಮ್ಮ ಭಾವಮೈದುನನನ್ನು, ಆಮೇಲೆ ಹೆಂಡತಿ ಮಕ್ಕಳು. ಸ್ಟಾಕ್‌ಹೋಮಿನ ಹೊರವಲಯದಲ್ಲಿ ಕುಲುವಿನವರದ್ದೇ ಓಣಿಗಳಾದವು. ಇವತ್ತು ಕುಲುವಿನಲ್ಲಿ ಸ್ವೀಡನ್ನಿನ ಪ್ರಧಾನಿಯಾಗಿದ್ದ ಓಲೊಫ್ ಪಾಲ್ಮೆ ಹೆಸರಿನ ಉದ್ಯಾನವನವಿದೆ.

ಬಂದವರ ದಿನಚರಿ

ಮೊದಲು ಕತ್ತಲೆ. ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನಲ್ಲಿ ಹಗಲು ಬರೀ ಆರು ಗಂಟೆ. ಶಿಫ್ಟಿಗೆ ಹೋಗುವಾಗಲೂ ಕತ್ತಲು, ಬರುವಾಗಲೂ ಕತ್ತಲು. ಫಿನ್ಲೆಂಡಿನವರಿಗೆ ಇದು ರೂಢಿ. ಟರ್ಕಿ, ಗ್ರೀಸಿನಿಂದ ಬಂದವರ ಪಾಡು ಬೇರೆ.

ಆಮೇಲೆ ಹೆಸರು ಬರೆಸುವುದು. ನಮ್ಮ ಆಧಾರ್ ಥರ ಅಲ್ಲಿ 1947ರಿಂದಲೇ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಸಂಬಳ, ತೆರಿಗೆ, ಆಸ್ಪತ್ರೆ ಎಲ್ಲಕ್ಕೂ ಅದೇ. ಜನರ ಲೆಕ್ಕದ ಪುಸ್ತಕ ಇಡುತ್ತಿದ್ದದ್ದು ಮಾತ್ರ ಚರ್ಚು. 1991ರಲ್ಲಷ್ಟೇ ಆ ಕೆಲಸ ತೆರಿಗೆ ಇಲಾಖೆಗೆ ಹೋಯಿತು. ಅಂದರೆ ಟರ್ಕಿಯಿಂದ ಬಂದ ಮುಸ್ಲಿಂ ಕೆಲಸಗಾರನ ಹೆಸರೂ ಪಾದ್ರಿಯ ಕಚೇರಿಯ ಪುಸ್ತಕಕ್ಕೇ ಸೇರುತ್ತಿತ್ತು.

ಮನೆಗಳಿಗೂ ಬರ. ಅದಕ್ಕೆ ಸರ್ಕಾರ 1965ರಿಂದ 1974ರವರೆಗೆ ಹತ್ತು ವರ್ಷದಲ್ಲಿ ಹತ್ತು ಲಕ್ಷ ಮನೆ ಕಟ್ಟುವ ಯೋಜನೆ ಹಾಕಿಕೊಂಡು ಮುಗಿಸಿತು. ಹೊಸಬರಲ್ಲಿ ಬಹಳ ಜನ ನೆಲೆಸಿದ್ದು ಈ ಕಟ್ಟಡಗಳಲ್ಲೇ. ಅಲ್ಲಿ ಬಟ್ಟೆ ಒಗೆಯಲು ಇಡೀ ಕಟ್ಟಡಕ್ಕೆ ಸೇರಿ ಒಂದು ಕೋಣೆ. ಹಲಗೆಯ ಮೇಲೆ ಮೊದಲೇ ಸರದಿ ಗುರುತು ಮಾಡಬೇಕು, ಹೊತ್ತಿಗೆ ಸರಿಯಾಗಿ ಮುಗಿಸಬೇಕು, ಮುಂದಿನವರಿಗೆ ಗುಡಿಸಿ ಬಿಡಬೇಕು. ತಪ್ಪಿದರೆ ಬಾಗಿಲಿಗೆ ಸಿಟ್ಟಿನ ಚೀಟಿ. ನಮ್ಮ ನಲ್ಲಿ ಕಟ್ಟೆಯ ಜಗಳ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೇ: ಅಲ್ಲಿ ಜಗಳವೂ ಬರವಣಿಗೆಯಲ್ಲಿ, ಅದೂ ಬಂದವರಿಗೆ ಓದಲು ಬಾರದ ಭಾಷೆಯಲ್ಲಿ.

ಇನ್ನು ಮಾತು. ಫಿನ್ನಿಷ್‌ಗೂ ಸ್ವೀಡಿಷ್‌ಗೂ ನಂಟಿಲ್ಲ. ಕನ್ನಡ, ಮರಾಠಿಗಳ ಹಾಗೆ ನೆರೆಹೊರೆ, ಆದರೆ ಬೇರೆ ಬೇರೆ ಕುಲ. ಸ್ವೀಡಿಷ್ ಮಾತಿನ ಮರ್ಯಾದೆಯೂ ಆಗ ಬದಲಾಗುತ್ತಿತ್ತು. ಮೊದಲು ಮೇಲಿನವರನ್ನು ಹುದ್ದೆಯ ಹೆಸರು ಹಿಡಿದೇ ಕರೆಯಬೇಕಿತ್ತು. 1967ರಲ್ಲಿ ಅಲ್ಲಿನ ವೈದ್ಯಕೀಯ ಮಂಡಳಿಯ ಮುಖ್ಯಸ್ಥ ಬ್ರೂರ್ ರೆಕ್ಸೆಡ್ ಸಿಬ್ಬಂದಿಗೆಲ್ಲ 'ನನ್ನನ್ನು ನೀನು ಅನ್ನಿ' ಎಂದರು. ಕೆಲವೇ ವರ್ಷಗಳಲ್ಲಿ ದೇಶದ ತುಂಬ 'ನೀನು' ಹಬ್ಬಿತು. ಅದೇ ವರ್ಷ ಸೆಪ್ಟೆಂಬರ್ 3ರ ಬೆಳಿಗ್ಗೆ 5 ಗಂಟೆಗೆ ವಾಹನಗಳೆಲ್ಲ ರಸ್ತೆಯ ಎಡದಿಂದ ಬಲಕ್ಕೆ ಬದಲಾದವು. ಆ ದಿನ ಸ್ವೀಡನ್ನಿನವರೂ ತಮ್ಮ ರಸ್ತೆಗೆ ಹೊಸಬರೇ.

ಸಂಬಳ ಸಾಲದು

ಮೊದಮೊದಲು ಎರಡೂ ಕಡೆ ಒಂದೇ ಲೆಕ್ಕ. ಕೆಲಸ ಕೊಟ್ಟರಾಯಿತು, ಸಂಬಳ ಸಿಕ್ಕರಾಯಿತು. ಒಂದು ಒಳ್ಳೆಯ ನಿಯಮವೂ ಇತ್ತು: ಹೊರಗಿನವರಿಗೂ ಸ್ಥಳೀಯರಷ್ಟೇ ಕೂಲಿ. ಕಾರ್ಮಿಕ ಸಂಘಗಳು ಇದನ್ನು ಹಟ ಹಿಡಿದು ಕಾದವು. ಆದರೆ ಭಾರದ, ಗದ್ದಲದ, ಮಸಿಯ ಕೆಲಸ ಹೆಚ್ಚಾಗಿ ಹೊಸಬರ ಪಾಲಿಗೇ ಬಂತು. ಫಿನ್ಲೆಂಡಿನವರನ್ನು ಕುಡುಕರು, ಚಾಕು ಹಿರಿಯುವವರು ಎಂದು ಆಡಿಕೊಂಡರು. ಭಾಷೆ ಬಾರದವರಿಗೆ ಬಡ್ತಿಯೂ ದೂರ.

1964ರಲ್ಲಿ ಡೇವಿಡ್ ಶ್ವಾರ್ಟ್ಸ್ ಎಂಬ ಪೋಲೆಂಡ್ ಮೂಲದ ಬರಹಗಾರ ಅಲ್ಲಿನ ದೊಡ್ಡ ಪತ್ರಿಕೆ 'ದಾಗೆನ್ಸ್ ನೀಹೆಟರ್'ನಲ್ಲಿ ಒಂದು ಲೇಖನ ಬರೆದರು. ಅವರು ನಾಜಿಗಳ ಕೈಯಿಂದ ಬದುಕುಳಿದು ಸ್ವೀಡನ್ ಸೇರಿದ್ದವರು. ಬಂದವರು ತಮ್ಮ ಭಾಷೆ, ಸಂಸ್ಕೃತಿ ಬಿಡಬೇಕೇ, ಉಳಿಸಿಕೊಳ್ಳಬಹುದೇ ಎಂಬ ಅವರ ಪ್ರಶ್ನೆಯಿಂದ ವರ್ಷಗಟ್ಟಲೆ ಚರ್ಚೆ ನಡೆಯಿತು. ಪತ್ರಿಕೆಯ ಒಂದು ಲೇಖನದಿಂದ ಏನಾದೀತು ಎಂದು ನಮ್ಮನ್ನು ಕೇಳುವವರಿಗೆ ನಾವು ಈ ಉದಾಹರಣೆ ಕೊಡುತ್ತೇವೆ.

1965ರಲ್ಲಿ ಸರ್ಕಾರದ ಖರ್ಚಿನಲ್ಲಿ ಹೊಸಬರಿಗೆ ಉಚಿತ ಸ್ವೀಡಿಷ್ ಪಾಠ ಶುರುವಾಯಿತು. ಆದರೆ ಎಂಟು ಗಂಟೆ ದುಡಿದು ಬಂದವರು ಪುಸ್ತಕ ಹಿಡಿಯುವುದು ಯಾವಾಗ? 1973ರಲ್ಲಿ ಜಾರಿಯಾದ ಕಾನೂನು ಇದಕ್ಕೆ ದಾರಿ ಮಾಡಿತು. ಹೊಸಬರು 240 ಗಂಟೆ ಭಾಷೆ ಕಲಿಯಬಹುದು, ಆ ಗಂಟೆಗಳಿಗೆ ಮಾಲೀಕರೇ ಸಂಬಳ ಕೊಡಬೇಕು.

1975ರಲ್ಲಿ ಸಂಸತ್ತು ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು. ಮೂರು ವರ್ಷ ಅಲ್ಲಿ ವಾಸವಿದ್ದರೆ ಪೌರತ್ವ ಇಲ್ಲದವರೂ ಸ್ಥಳೀಯ ಸಂಸ್ಥೆಗಳಿಗೆ ಮತ ಹಾಕಬಹುದು, ನಿಲ್ಲಲೂಬಹುದು. ನಮ್ಮ ಲೆಕ್ಕದಲ್ಲಿ ಪಂಚಾಯ್ತಿ ಎಲೆಕ್ಷನ್ ಅನ್ನಿ. 1976ರ ಚುನಾವಣೆಯಲ್ಲಿ ಈ ಹಕ್ಕು ಸಿಕ್ಕವರಲ್ಲಿ ಸುಮಾರು ಶೇ. 60ರಷ್ಟು ಜನ ಬಂದು ಮತ ಹಾಕಿದರು. ಓಟು ಇರುವ ಓಣಿಗೆ ರಾಜಕಾರಣಿ ಬರಲೇಬೇಕು. ಇದು ಎಲ್ಲಾ ಊರಲ್ಲೂ ಒಂದೇ.

ಹಾಗೆಂದು ಬಾಗಿಲು ತೆರೆದೇ ಇರಲಿಲ್ಲ. ಕೆಲಸ ಕಡಿಮೆಯಾದಾಗ, 1972ರಲ್ಲಿ, ಕಾರ್ಮಿಕ ಸಂಘಗಳ ಒಕ್ಕೂಟವೇ ನಾರ್ಡಿಕ್ ದೇಶಗಳ ಹೊರಗಿನಿಂದ ಇನ್ನು ಕೆಲಸಗಾರರು ಬೇಡ ಎಂದಿತು. ಫಿನ್ಲೆಂಡಿನವರಲ್ಲೂ ಬಹಳ ಜನ ಊರಿಗೆ ಮರಳಿದರು.

ಮಕ್ಕಳ ಮಾತು

ಉಳಿದವರಿಗೆ ದೊಡ್ಡ ಚಿಂತೆ ಮಕ್ಕಳದ್ದು. ಶಾಲೆಯಲ್ಲಿ ಸ್ವೀಡಿಷ್, ಮನೆಯಲ್ಲಿ ಅಜ್ಜಿಯ ಪತ್ರ ಓದಲು ಬಾರದು. 1977ರಲ್ಲಿ ಶಾಲೆಗಳಲ್ಲಿ ಮನೆಮಾತಿನ ಪಾಠ ಕೊಡುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವಾಯಿತು. ಆದರೆ ವಾರಕ್ಕೆ ಕೆಲವು ತಾಸು ಸಾಲದು, ಫಿನ್ನಿಷ್‌ನಲ್ಲೇ ಪಾಠ ಬೇಕು ಎಂದು 1984ರಲ್ಲಿ ಸ್ಟಾಕ್‌ಹೋಮಿನ ರಿಂಕೆಬಿಯಲ್ಲಿ ಫಿನ್ನಿಷ್ ತಂದೆತಾಯಿಗಳು ಮಕ್ಕಳನ್ನು ವಾರಗಟ್ಟಲೆ ಶಾಲೆಗೆ ಕಳಿಸದೆ ಮುಷ್ಕರ ಹೂಡಿದರು. ಕೂಲಿಗೆಂದು ಬಂದವರು ಭಾಷೆಗಾಗಿ ಮುಷ್ಕರ ಮಾಡುವಷ್ಟು ಅಲ್ಲಿನವರಾಗಿದ್ದರು.

2000ದಲ್ಲಿ ಸ್ವೀಡನ್ ಐದು ಭಾಷೆಗಳನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಭಾಷೆಗಳೆಂದು ಗುರುತಿಸಿತು. ಫಿನ್ನಿಷ್ ಅದರಲ್ಲೊಂದು. ಆ ನೆಲದಲ್ಲಿ ಫಿನ್ನಿಷ್ ಶತಮಾನಗಳಿಂದ ಇತ್ತು ನಿಜ, ಆದರೆ ದನಿ ಜೋರಾದದ್ದು ಈ ಕಾರ್ಖಾನೆ ಜನರಿಂದ.

ಈಗ ಸ್ಟಾಕ್‌ಹೋಮ್, ಗೋಥೆನ್‌ಬರ್ಗ್‌ಗಳಲ್ಲಿ ನಮ್ಮ ಕಡೆಯ ಎಂಜಿನಿಯರುಗಳೂ ಇದ್ದಾರೆ. ಒಂದು ಭಾಷೆಯ ಐದು ಮಕ್ಕಳಿದ್ದು, ಕಲಿಸುವ ಶಿಕ್ಷಕರು ಸಿಕ್ಕರೆ ಶಾಲೆ ಆ ಮನೆಮಾತು ಕಲಿಸಬೇಕೆಂಬುದು ಅಲ್ಲಿನ ಸಾಮಾನ್ಯ ನಿಯಮ. ಕನ್ನಡಕ್ಕೂ ಅದೇ ನಿಯಮ.

ನಮ್ಮ ಜಿಲ್ಲೆಗಳಿಂದಲೂ ಜನ ಗುಳೆ ಹೋಗುತ್ತಾರೆ. ನಮ್ಮ ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಬರುತ್ತಾರೆ. ಅವರಿಗೆ ಕೂಲಿ ಎಷ್ಟು ಎಂದು ನಾವೆಲ್ಲ ಕೇಳುತ್ತೇವೆ. ಅವರ ಮಕ್ಕಳು ಯಾವ ಶಾಲೆಗೆ, ಯಾವ ಭಾಷೆಗೆ, ಅವರಿಗೆ ಕನ್ನಡ ಕಲಿಸುವವರು ಯಾರು? ನಿಮ್ಮ ಊರಿನಲ್ಲಿ ಈ ಪ್ರಶ್ನೆಯನ್ನು ಒಮ್ಮೆ ಕೇಳಿ ನೋಡಿ.